ತಿಪ್ಪೆಯಿಂದ ತರಕಾರಿಯ ಮಡಿಗೆ

ಗಿಡ ಬೆಳೆಯಬೇಕಾದರೆ ಗೊಬ್ಬರ ಬೇಕೆಂಬುದು ಹಳ್ಳಿಯ ಮಕ್ಕಳೂ ಬಲ್ಲ ಸಂಗತಿ. ಆದರೆ ಗೊಬ್ಬರದಿಂದ ಆಗುವ ಉಪಕಾರವೇನೆಂದು ಕೇಳಿದರೆ, “ಅದು ಗಿಡದ ಆಹಾರ” ಎಂಬ ಒಂದೇ ಉತ್ತರ ಸಾಮಾನ್ಯವಾಗಿ ಬರುತ್ತದೆ. ಈ ಉತ್ತರ ತಪ್ಪಲ್ಲ. ಆದರೆ ಪೂರ್ಣವೂ ಅಲ್ಲ. ಅದು ಎಷ್ಟರ ಮಟ್ಟಿಗೆ ಅಪೂರ್ಣವೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು.

ತರಕಾರಿ ಬೆಳೆಗಳಿಗೆ ಹೆಕ್ಟೇರಿಗೆ ಸುಮಾರು 25 ಟನ್ ಕೊಟ್ಟಿಗೆ ಗೊಬ್ಬರವನ್ನು ಹಾಕಬೇಕೆಂದು ಕೃಷಿತಜ್ಞರು ಹೇಳುವುದುಂಟು. ಎಂದರೆ, ಒಂದು ಚದರ ಮೀಟರ್ ವಿಸ್ತಾರದ ಮಡಿಗೆ ಎರಡೂವರೆ ಕಿಲೋಗ್ರಾಂ. ನಮ್ಮ ನಾಡಿನ ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟು ಸಾರಜನಕವಿರುತ್ತದೆ. ಆ ಪ್ರಕಾರ ಎರಡೂವರೆ ಕಿಲೋಗ್ರಾಂ ಗೊಬ್ಬರದಲ್ಲಿ ದೊರೆಯುವ ಸಾರಜನಕ ಹನ್ನೆರಡೂವರೆ ಗ್ರಾಂ ಮಾತ್ರ. ಅಂಗಡಿಯಲ್ಲಿ ಮಾರುವ ಯೂರಿಯದಲ್ಲಿ ನೂರಕ್ಕೆ 46 ಪಾಲು ಸಾರಜನಕವಿರುವುದರಿಂದ, ಅಷ್ಟೇ ಸಾರಜನಕವನ್ನು 27 ಗ್ರಾಂ ಯೂರಿಯ ಒದಗಿಸಬಲ್ಲುದು. ಅದು ಒಂದು ಹಿಡಿಗೂ ಕಡಿಮೆ. ಸಾಲದುದಕ್ಕೆ, ಗೊಬ್ಬರದಲ್ಲಿರುವ ಸಾರಜನಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಮೊದಲನೆಯ ಬೆಳೆಗೆ ದಕ್ಕುತ್ತದೆ. ಹಾಗಾದರೆ ಬುಟ್ಟಿ ಬುಟ್ಟಿಯಾಗಿ ಗೊಬ್ಬರವನ್ನು ಹೊತ್ತು ಮಡಿಗೆ ಸುರಿಯುವ ತೋಟಗಾರನು ವ್ಯರ್ಥವಾಗಿ ದುಡಿಯುತ್ತಿರುವನೆ?

ಅಲ್ಲ. ಗೊಬ್ಬರವು ಗಿಡಕ್ಕೆ ಹಾಕಿದ ಊಟವೆನ್ನುವುದಕ್ಕಿಂತ ಮಣ್ಣಿಗೆ ಹಾಕಿದ ಊಟವೆನ್ನುವುದೇ ಹೆಚ್ಚು ಸರಿ. ಈ ಊಟವು ಚೆನ್ನಾಗಿ ಪಕ್ವವಾಗಿದ್ದರೆ ಮಣ್ಣು ಸುಧಾರಿಸುತ್ತದೆ. ಅಪಕ್ವವಾಗಿದ್ದರೆ ಬೆಳೆಗೂ ಅದನ್ನು ತಿನ್ನುವವರಿಗೂ ಕೇಡಾಗುವ ಸಂಭವವುಂಟು. ಅದು ಹೇಗೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಮಣ್ಣಿನ ರಚನೆ

ಒಳ್ಳೆಯ ತೋಟದ ಮಣ್ಣಿನಲ್ಲಿ ಘನವಸ್ತುವು ಗಾತ್ರದಲ್ಲಿ ಸುಮಾರು ಅರ್ಧ ಭಾಗ ಮಾತ್ರ. ಉಳಿದರ್ಧವು ಗಾಳಿ ನೀರುಗಳು ತುಂಬಿಕೊಳ್ಳುವ ರಂಧ್ರಗಳು. ಬೇರುಗಳು ಉಸಿರಾಡಬೇಕಾದರೆ ದೊಡ್ಡ ರಂಧ್ರಗಳಲ್ಲಿ ಗಾಳಿಯಿರಬೇಕು. ಬಾಯಾರದಿರಬೇಕಾದರೆ ಸಣ್ಣ ರಂಧ್ರಗಳಲ್ಲಿ ನೀರಿರಬೇಕು. ಬರಿಯ ಮರಳಿನಲ್ಲಿ ದೊಡ್ಡ ರಂಧ್ರಗಳೇ ಹೆಚ್ಚಾಗಿರುವುದರಿಂದ ಹೊಯ್ದ ನೀರು ನಿಲ್ಲದೆ ಇಳಿದುಹೋಗುತ್ತದೆ. ಬರಿಯ ಜೇಡಿಯಲ್ಲಿ ರಂಧ್ರಗಳು ಅತಿ ಸಣ್ಣವು. ಅದು ನೀರನ್ನು ಹಿಡಿದಿಟ್ಟುಕೊಂಡು ಗಾಳಿಗೆ ಎಡೆಗೊಡದು. ನಮ್ಮ ದಕ್ಷಿಣ ಮೈದಾನದ ಕೆಂಪು ಮಣ್ಣು ಬಿರುಮಳೆ ಬಿದ್ದು ಬಿಸಿಲು ಹೊಡೆದೊಡನೆ ಮೇಲ್ಭಾಗದಲ್ಲಿ ಗಟ್ಟಿ ಪದರವಾಗುವುದನ್ನೂ, ಎಳೆಯ ಮೊಳಕೆಗಳು ಅದನ್ನು ಭೇದಿಸಲಾರದೆ ಸೊರಗುವುದನ್ನೂ ಅನೇಕರು ಕಂಡಿರಬಹುದು. ಉತ್ತರದ ಎರೆಮಣ್ಣು ಮಳೆಗಾಲದಲ್ಲಿ ಅಂಟಾಗಿ ಬೇಸಗೆಯಲ್ಲಿ ಬಿರಿಯುತ್ತದೆ.

ಈ ಎರಡು ಬಗೆಯ ತೊಂದರೆಗೂ ಒಂದೇ ಮದ್ದು ಗೊಬ್ಬರ. ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಗಳು ಅಂಟುವಸ್ತುಗಳನ್ನು ಸ್ರವಿಸುತ್ತವೆ. ಶಿಲೀಂಧ್ರಗಳು ಕೂದಲಿಗಿಂತಲೂ ಸಣ್ಣದಾದ ತಂತುಗಳನ್ನು ಹರಡುತ್ತವೆ. ಇವೆರಡೂ ಸೇರಿ ಮಣ್ಣಿನ ಕಣಗಳನ್ನು ರವೆಯಂಥ ಹರಳುಗಳಾಗಿ ಕಟ್ಟುತ್ತವೆ. ಹರಳುಗಳ ಒಳಗೆ ಸಣ್ಣ ರಂಧ್ರಗಳು, ಹರಳುಗಳ ನಡುವೆ ದೊಡ್ಡ ರಂಧ್ರಗಳು. ಹೀಗೆ ಒಂದೇ ಮಣ್ಣಿನಲ್ಲಿ ನೀರಿಗೂ ಗಾಳಿಗೂ ಸ್ಥಳ ದೊರೆಯುತ್ತದೆ. ಎರೆಹುಳುವು ಗೊಬ್ಬರವನ್ನೂ ಮಣ್ಣನ್ನೂ ಕೂಡಿ ನುಂಗಿ, ಬೆರೆಸಿ, ಹಿಕ್ಕೆಯಾಗಿ ಹೊರಹಾಕಿ, ತಾನು ಸಾಗಿದ ದಾರಿಯನ್ನು ಬೇರುಗಳಿಗೆ ಬಿಟ್ಟುಕೊಡುತ್ತದೆ. ಚಾರ್ಲ್ಸ್ ಡಾರ್ವಿನ್ನನು ಈ ಅಲ್ಪಜೀವಿಯ ಕೆಲಸವನ್ನು ಹಲವು ವರ್ಷಗಳ ಕಾಲ ಅವಲೋಕಿಸಿ 1881ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು.

27 ಗ್ರಾಂ ಯೂರಿಯ ಮಾಡಲಾರದ ಕೆಲಸ ಇದು. ಯೂರಿಯದಿಂದ ಗಿಡಕ್ಕೆ ಸಾರಜನಕ ಸಿಕ್ಕೀತು. ಮಣ್ಣಿನಲ್ಲಿ ಹರಳು ಕಟ್ಟದು.

ಎರಡು ಹೊಲಗಳ ಸಾಕ್ಷ್ಯ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯೂರೋಪಿನ ಪಂಡಿತರಲ್ಲಿ ಹಲವರು ಗಿಡವು ತನ್ನ ಮೈಯನ್ನು ಮಣ್ಣಿನ ಕಪ್ಪು ಸಾರದಿಂದ, ಎಂದರೆ ಹ್ಯೂಮಸ್ಸಿನಿಂದ, ನೇರವಾಗಿ ಕಟ್ಟಿಕೊಳ್ಳುತ್ತದೆಂದು ನಂಬಿದ್ದರು. 1840ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಸ್ಟಸ್ ಲೀಬಿಗ್ ಈ ನಂಬಿಕೆಯನ್ನು ಬಲವಾಗಿ ಖಂಡಿಸಿದನು. ಗಿಡಕ್ಕೆ ಇಂಗಾಲವು ಗಾಳಿಯಿಂದ ಬರುತ್ತದೆ, ಮಣ್ಣಿನಿಂದ ಅದು ಹೀರುವುದು ಖನಿಜ ಲವಣಗಳನ್ನು ಎಂಬುದು ಆತನ ವಾದ. ಇದು ಸತ್ಯವಾದುದೇ. ಇಂದಿನ ರಾಸಾಯನಿಕ ಗೊಬ್ಬರಗಳೆಲ್ಲ ಈ ಸತ್ಯದ ಆಧಾರದ ಮೇಲೆಯೇ ತಯಾರಾಗುತ್ತಿವೆ. ಹಾಗಾದರೆ ಕೊಟ್ಟಿಗೆ ಗೊಬ್ಬರಕ್ಕೆ ಇನ್ನು ಕೆಲಸವೇನು ಎಂಬ ಪ್ರಶ್ನೆ ಆಗಲೇ ಹುಟ್ಟಿತು.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ಜಾನ್ ಬೆನೆಟ್ ಲಾಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬ ಇಬ್ಬರು ಇದನ್ನು ಹೊಲದಲ್ಲಿಯೇ ಪರೀಕ್ಷಿಸತೊಡಗಿದರು. 1843ರಲ್ಲಿ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಗೋದಿಯನ್ನು ಬಿತ್ತಿ, ಒಂದು ಪಟ್ಟಿಗೆ ಕೊಟ್ಟಿಗೆ ಗೊಬ್ಬರ, ಬೇರೆ ಪಟ್ಟಿಗಳಿಗೆ ಬಗೆಬಗೆಯ ಲವಣಗಳು, ಮತ್ತೊಂದಕ್ಕೆ ಏನೂ ಇಲ್ಲ ಎಂದು ಏರ್ಪಡಿಸಿದರು. ಆ ಪ್ರಯೋಗ ಇಂದಿಗೂ ನಿಂತಿಲ್ಲ. ಎಲ್ಲ ಲವಣಗಳನ್ನೂ ಸಾಕಷ್ಟು ಪಡೆದ ಪಟ್ಟಿಯ ಗೋದಿಯ ಇಳುವರಿಯು ಬಹುಕಾಲ ಕೊಟ್ಟಿಗೆ ಗೊಬ್ಬರದ ಪಟ್ಟಿಯ ಇಳುವರಿಗೆ ಸಮಸಮವಾಗಿಯೇ ಇದ್ದಿತು. ಲೀಬಿಗನ ಮಾತಿಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ. ಆದರೆ ಮಣ್ಣು ಒಂದೇ ತೆರನಾಗಿ ಉಳಿಯಲಿಲ್ಲ. ಗೊಬ್ಬರ ಪಡೆದ ಪಟ್ಟಿಯ ಮಣ್ಣಿನಲ್ಲಿ ಸಾವಯವ ಪದಾರ್ಥವು ಉಳಿದ ಪಟ್ಟಿಗಳಲ್ಲಿರುವುದರ ಎರಡು ಪಟ್ಟಿಗೂ ಮಿಕ್ಕಿ ಬೆಳೆಯಿತು.

ಅಲ್ಲಿಯೇ ಹೂಸ್‌ಫೀಲ್ಡ್ ಎಂಬ ಇನ್ನೊಂದು ಹೊಲದಲ್ಲಿ 1852ರಿಂದ ಬಾರ್ಲಿಯನ್ನು ಬೆಳೆಯಲಾಗುತ್ತಿದೆ. ಅದರ ಒಂದು ತುಂಡಿಗೆ 1871ರವರೆಗೆ, ಎಂದರೆ ಇಪ್ಪತ್ತು ವರ್ಷ, ಕೊಟ್ಟಿಗೆ ಗೊಬ್ಬರವನ್ನು ಹಾಕಿ ಅನಂತರ ನಿಲ್ಲಿಸಿಬಿಟ್ಟರು. ನೂರು ವರ್ಷಗಳು ಕಳೆದ ಮೇಲೂ ಆ ತುಂಡಿನ ಮಣ್ಣಿನಲ್ಲಿ, ಎಂದೂ ಗೊಬ್ಬರ ಕಾಣದ ನೆರೆಯ ತುಂಡಿನಲ್ಲಿರುವುದಕ್ಕಿಂತ ಹೆಚ್ಚು ಸಾವಯವ ಪದಾರ್ಥವಿರುವುದು ಕಂಡುಬಂದಿತು. ಗೊಬ್ಬರ ಹಾಕಿದವರು ಹೋಗಿ ತಲೆಮಾರುಗಳೇ ಉರುಳಿದರೂ ಮಣ್ಣು ಅದರ ಫಲವನ್ನು ಉಳಿಸಿಕೊಂಡಿದ್ದಿತು. ನಮ್ಮ ದೇಶದಲ್ಲಿಯೂ ಕೊಯಮತ್ತೂರಿನಲ್ಲಿ 1909ರಲ್ಲಿ ಇಂತಹ ಶಾಶ್ವತ ಗೊಬ್ಬರದ ಪ್ರಯೋಗವೊಂದು ಆರಂಭವಾಯಿತು.

ಆದರೆ ಇಂಗ್ಲೆಂಡಿನ ತಣ್ಣನೆಯ ಹವೆಯಲ್ಲಿ ಆದುದೆಲ್ಲವೂ ನಮ್ಮಲ್ಲಿ ಹಾಗೆಯೇ ಆಗಲಾರದು. ಉಷ್ಣತೆಯು ಹತ್ತು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿದರೆ ಸೂಕ್ಷ್ಮಜೀವಿಗಳ ಕೆಲಸ ಸುಮಾರು ಇಮ್ಮಡಿಯಾಗುತ್ತದೆ. ಆದುದರಿಂದ ನಮ್ಮ ಬೆಚ್ಚನೆಯ ಮಣ್ಣು ಗೊಬ್ಬರವನ್ನು ಬೇಗ ಕರಗಿಸಿಬಿಡುತ್ತದೆ. ಮಣ್ಣಿನಲ್ಲಿ ಸಾವಯವ ಇಂಗಾಲವು ನೂರಕ್ಕೆ ಅರ್ಧ ಪಾಲಿಗಿಂತ ಕಡಿಮೆಯಿದ್ದರೆ ನಮ್ಮ ಮಣ್ಣು ಪರೀಕ್ಷಾಲಯಗಳು ಅದನ್ನು ಕೆಳದರ್ಜೆಯೆಂದು ಗಣಿಸುತ್ತವೆ. ಒಂದು ಚದರ ಮೀಟರ್ ಮಡಿಯ ಮೇಲಿನ ಹದಿನೈದು ಸೆಂಟಿಮೀಟರ್ ಮಣ್ಣು ಸುಮಾರು ಇನ್ನೂರು ಕಿಲೋಗ್ರಾಂ ತೂಗುತ್ತದೆ. ನಾವು ಹಾಕುವ ಎರಡೂವರೆ ಕಿಲೋಗ್ರಾಂ ಗೊಬ್ಬರದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಉಳಿದುದರಲ್ಲಿಯೂ ಬಹುಭಾಗ ಇಂಗಾಲಾಮ್ಲ ವಾಯುವಾಗಿ ಹೊರಟುಹೋಗುತ್ತದೆ. ವರ್ಷದ ಕೊನೆಗೆ ಉಳಿಯುವುದು ಕೆಲವು ನೂರು ಗ್ರಾಂ ಮಾತ್ರ. ಒಂದೇ ವರ್ಷದಲ್ಲಿ ಮಣ್ಣನ್ನು ತಿದ್ದುವೆವೆಂದು ಹೊರಟರೆ ನಿರಾಶೆಯಾಗುವುದು ಈ ಕಾರಣದಿಂದಲೇ. ವರ್ಷ ವರ್ಷವೂ ಬಿಡದೆ ಹಾಕುತ್ತಿರುವುದೊಂದೇ ನಮಗಿರುವ ದಾರಿ.

ಹಸಿಯದು ಏಕೆ ಬೇಡ?

ಇನ್ನು, ಗೊಬ್ಬರವನ್ನು ಏಕೆ ಕಳಿಸಬೇಕೆಂಬ ಪ್ರಶ್ನೆಗೆ ಬರೋಣ. ಸೂಕ್ಷ್ಮಜೀವಿಗಳಿಗೂ ಇಂಗಾಲ, ಸಾರಜನಕಗಳೆರಡೂ ಬೇಕು. ಅವುಗಳ ಮೈಯಲ್ಲಿ ಸುಮಾರು ಎಂಟು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕವಿರುತ್ತದೆ. ಒಣಹುಲ್ಲಿನಲ್ಲಾದರೋ ಒಂದು ಪಾಲು ಸಾರಜನಕಕ್ಕೆ ಎಪ್ಪತ್ತು ಎಂಬತ್ತು ಪಾಲು ಇಂಗಾಲ. ಎಂಬತ್ತು ಪಾಲು ಇಂಗಾಲವನ್ನು ತಿಂದ ಜೀವಿಗಳು ಮೂರರಲ್ಲಿ ಎರಡು ಭಾಗವನ್ನು ಉಸಿರಾಟದಲ್ಲಿ ವ್ಯಯಮಾಡಿ, ಉಳಿದ ಇಪ್ಪತ್ತೇಳು ಪಾಲಿನಿಂದ ಮೈ ಕಟ್ಟಿಕೊಳ್ಳುತ್ತವೆ ಎಂದು ಭಾವಿಸೋಣ. ಅದಕ್ಕೆ ಮೂರು ಪಾಲಿಗೂ ಮಿಕ್ಕ ಸಾರಜನಕ ಬೇಕು. ಹುಲ್ಲಿನಲ್ಲಿರುವುದು ಒಂದೇ ಪಾಲು. ಉಳಿದ ಎರಡು ಪಾಲನ್ನು ಅವು ಮಣ್ಣಿನಿಂದ ಕಸಿದುಕೊಳ್ಳುತ್ತವೆ. ಆಗ ಗಿಡಕ್ಕೆ ಸಾರಜನಕ ಸಾಲದೆ ಎಲೆಗಳು ಹಳದಿಗೆ ತಿರುಗುತ್ತವೆ. ಹುಲ್ಲು ಕಸಗಳು ಬಹಳವಾಗಿ ಬೆರೆತಿರುವ ಹಸಿ ಗೊಬ್ಬರವನ್ನು ಹಾಕಿದ ಮಡಿಯಲ್ಲಿ ಸಸಿಗಳು ಬಿಳಿಚಿಕೊಳ್ಳುವುದರ ರಹಸ್ಯ ಇದೇ. ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಇಂಗಾಲವು ಹದಿನೈದು ಇಪ್ಪತ್ತು ಪಾಲಿಗೆ ಇಳಿದಿರುವುದರಿಂದ ಈ ಕಸುಕೊಳ್ಳುವಿಕೆ ನಡೆಯದು.

ಕಳಿತ ಗೊಬ್ಬರದ ಸಾರಜನಕವು ಗಿಡಕ್ಕೆ ಸೇರುವುದಾದರೂ ಜೀವಿಗಳ ಕೈಯಿಂದಲೇ. ಒಂದು ಗುಂಪಿನವು ಅದನ್ನು ಅಮೋನಿಯವಾಗಿಯೂ, ಇನ್ನೊಂದು ಗುಂಪಿನವು ಅಮೋನಿಯವನ್ನು ನೈಟ್ರೈಟಾಗಿಯೂ, ಮತ್ತೊಂದು ಗುಂಪಿನವು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ನೈಟ್ರೇಟು ಉಂಟಾಗುವುದು ಜೀವಿಗಳಿಂದಲೇ ಎಂಬುದನ್ನು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬವರು ತೋರಿಸಿಕೊಟ್ಟರು. ಅನಂತರ ರಷ್ಯದ ವಿನೊಗ್ರಾಡ್‌ಸ್ಕಿ ಆ ಜೀವಿಗಳನ್ನೇ ಬೇರ್ಪಡಿಸಿದನು.

ಹಸಿ ಗೊಬ್ಬರದಿಂದ ಬೇರೆ ತೊಂದರೆಗಳೂ ಉಂಟು. ಅದರಲ್ಲಿರುವ ಅಮೋನಿಯ ಎಳೆಯ ಬೇರುಗಳನ್ನು ಸುಡುತ್ತದೆ. ದನದ ಹೊಟ್ಟೆಯಲ್ಲಿ ಜೀರ್ಣವಾಗದೆ ಬಂದ ಕಳೆಬೀಜಗಳು ಮಡಿಯಲ್ಲಿ ಮೊಳೆಯುತ್ತವೆ. ಗೆದ್ದಲು ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಆರೋಗ್ಯದ ಮಾತು. ದನಗಳ ಸಗಣಿಯಲ್ಲಿ ಮನುಷ್ಯನ ಕರುಳಿಗೆ ರೋಗ ತರುವ ಬ್ಯಾಕ್ಟೀರಿಯಗಳಿರಬಹುದು. ಬೇಯಿಸಿ ತಿನ್ನುವ ಬದನೆ, ಹೀರೆಗಳಲ್ಲಿ ಭಯ ಕಡಿಮೆ. ಹಸಿಯಾಗಿಯೇ ತಿನ್ನುವ ಮೂಲಂಗಿ, ಗಜ್ಜರಿ, ಸೌತೆ, ಕೊತ್ತಂಬರಿಸೊಪ್ಪುಗಳಲ್ಲಿ ಅದು ಹೆಚ್ಚು. ಅಮೆರಿಕ ಸಂಯುಕ್ತ ಸಂಸ್ಥಾನದ ಸಾವಯವ ಬೇಸಾಯದ ನಿಯಮಗಳ ಪ್ರಕಾರ, ಮನುಷ್ಯರು ತಿನ್ನುವ ಭಾಗವು ಮಣ್ಣಿಗೆ ತಗಲುವ ಬೆಳೆಯಾದರೆ ಕೊಯ್ಲಿಗೆ 120 ದಿನ ಮೊದಲೂ, ಮಣ್ಣಿಗೆ ತಗಲದುದಾದರೆ 90 ದಿನ ಮೊದಲೂ ಹಸಿ ಗೊಬ್ಬರವನ್ನು ಮಣ್ಣಿನಲ್ಲಿ ಬೆರೆಸಿ ಮುಗಿಸಿರಬೇಕು. ಮೂಲಂಗಿಯು ಒಂದೂವರೆ ಎರಡು ತಿಂಗಳಲ್ಲಿ ಕೀಳಲು ಬರುವ ಬೆಳೆ. ಎಂದ ಮೇಲೆ ಮೂಲಂಗಿಯ ಮಡಿಗೆ ಬಿತ್ತನೆಯ ಹೊತ್ತಿನಲ್ಲಿ ಹಸಿ ಸಗಣಿಯನ್ನು ಹಾಕುವುದು ಸಲ್ಲದೆಂಬುದು ಸ್ಪಷ್ಟ.

ತಿಪ್ಪೆಯೊಳಗಣ ಬೆಂಕಿ

ಸಗಣಿ, ಗಂಜಲ, ಹುಲ್ಲು, ತರಗೆಲೆಗಳನ್ನು ಒಂದು ಮೀಟರಿಗೆ ಕಡಿಮೆಯಾಗದಷ್ಟು ಉದ್ದಗಲ ಎತ್ತರಗಳಿಗೆ ಒಟ್ಟಿ, ಹಿಂಡಿದ ಬಟ್ಟೆಯಷ್ಟು ತೇವವಿರುವಂತೆ ನೋಡಿಕೊಂಡರೆ ಕೆಲವು ದಿನಗಳಲ್ಲಿ ಅದರ ಒಳಭಾಗ ಕಾಯುತ್ತದೆ. ಕೋಟ್ಯಂತರ ಸೂಕ್ಷ್ಮಜೀವಿಗಳ ಉಸಿರಾಟದಿಂದ ಹುಟ್ಟಿದ ಶಾಖ ಇದು. ಉಷ್ಣತೆಯು 60 ಡಿಗ್ರಿ ಸೆಂಟಿಗ್ರೇಡಿಗೂ ಏರಬಹುದು. ಇದು 55 ಡಿಗ್ರಿಗಿಂತ ಮೇಲೆ ಕೆಲವು ದಿನ ನಿಂತರೆ ರೋಗಾಣುಗಳೂ ಕಳೆಬೀಜಗಳೂ ಬಹುಮಟ್ಟಿಗೆ ನಾಶವಾಗುತ್ತವೆ. ಹೊರ ಅಂಚು ಮಾತ್ರ ತಣ್ಣಗೇ ಇರುವುದರಿಂದ, ಹೊರಗಿನದು ಒಳಗೆ ಬರುವಂತೆ ರಾಶಿಯನ್ನು ಕೆಲವು ಬಾರಿ ತಿರುವಿಹಾಕಬೇಕು. ಎರಡು ಮೂರು ತಿಂಗಳಲ್ಲಿ ರಾಶಿಯ ಗಾತ್ರ ಇಳಿದು, ಬಣ್ಣ ಕಪ್ಪಾಗಿ, ಹುಲ್ಲು ಎಲೆಗಳ ಗುರುತೇ ಸಿಕ್ಕದಂತಾಗಿ, ದುರ್ವಾಸನೆ ಹೋಗಿ ಮಣ್ಣಿನ ವಾಸನೆ ಬರುತ್ತದೆ. ಮೊದಲ ಮಳೆಗೆ ನೆಲದಿಂದೇಳುವ ಕಂಪು ಕೂಡ ಇದೇ ಬಗೆಯದು. ಎರಡಕ್ಕೂ ಕಾರಣವಾದ ವಸ್ತುವನ್ನು ಆಕ್ಟಿನೊಮೈಸಿಟ್ ಎಂಬ ಸೂಕ್ಷ್ಮಜೀವಿಗಳು ಉತ್ಪಾದಿಸುತ್ತವೆ. 1965ರಲ್ಲಿ ಅದಕ್ಕೆ ಜಿಯಾಸ್ಮಿನ್ ಎಂಬ ಹೆಸರು ಬಂದಿತು. ಗೊಬ್ಬರ ಕಳಿತಿದೆಯೆಂದು ತಿಳಿಯಲು ಕಣ್ಣು ಮೂಗುಗಳೇ ಸಾಕು.

ಆದರೆ ನಮ್ಮ ಊರುಗಳ ಅಂಚಿನಲ್ಲಿ ಬಿಸಿಲು ಮಳೆಗಳಿಗೆ ಮೈಯೊಡ್ಡಿ ಬಿದ್ದಿರುವ ಅನೇಕ ತಿಪ್ಪೆಗಳಲ್ಲಿ ನಡೆಯುವ ಕಥೆಯೇ ಬೇರೆ. ದನವು ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧ ಪಾಲು ಗಂಜಲದಲ್ಲಿರುತ್ತದೆ. ಪೊಟ್ಯಾಷಿನ ಬಹುಭಾಗವೂ ಅದರಲ್ಲಿಯೇ. ಕೊಟ್ಟಿಗೆಯ ನೆಲದಲ್ಲಿ ಇಂಗಿಯೋ ಚರಂಡಿಗೆ ಹರಿದೋ ಹೋಗುವ ಗಂಜಲವು ತಿಪ್ಪೆಯನ್ನು ಸೇರುವುದೇ ಇಲ್ಲ. ಸೇರಿದುದರಲ್ಲಿರುವ ಯೂರಿಯ ಬೇಗನೆ ಅಮೋನಿಯವಾಗಿ ಹಾರಿಹೋಗುತ್ತದೆ. ತಿಪ್ಪೆಯ ಬಳಿ ಮೂಗಿಗೆ ತಾಗುವ ಆ ಘಾಟು ನಮ್ಮ ತೋಟದಿಂದ ಸೋರಿಹೋಗುತ್ತಿರುವ ಸಾರಜನಕವೇ ಆಗಿದೆ. ಮೇಲೆ ಮಳೆ ಸುರಿದರೆ ಕರಗಿದ ಲವಣಗಳು ಕಂದು ನೀರಾಗಿ ಹರಿದು ಕೆರೆ ಬಾವಿಗಳನ್ನು ಕೆಡಿಸುತ್ತವೆ. ಸರಿಯಾಗಿ ಕಾಪಾಡದ ತಿಪ್ಪೆಯಲ್ಲಿ ಸಾರಜನಕದ ಅರ್ಧದಷ್ಟು ನಷ್ಟವಾಗುವುದೂ ಅಪರೂಪವಲ್ಲ.

ಇದಕ್ಕೆ ಪರಿಹಾರ ಸುಲಭ. ಮಲೆನಾಡಿನಲ್ಲಿ ಕೊಟ್ಟಿಗೆಗೆ ಸೊಪ್ಪು ತರಗೆಲೆಗಳನ್ನು ಹಾಸುವ ಹಳೆಯ ಪದ್ಧತಿಯುಂಟು. ಹಾಸಿದ ಸೊಪ್ಪು ಗಂಜಲವನ್ನು ಹೀರಿಕೊಂಡು ದನದ ಕಾಲ್ತುಳಿತಕ್ಕೆ ಸಿಕ್ಕಿ ಸಗಣಿಯೊಡನೆ ಬೆರೆಯುತ್ತದೆ. ಶಾಸ್ತ್ರವು ಹೇಳುವುದೂ ಅದನ್ನೇ: ಗಂಜಲದ ಸಾರಜನಕಕ್ಕೆ ಎಲೆಯ ಇಂಗಾಲವನ್ನು ಜೋಡಿಸಬೇಕು. ಗುಂಡಿಯ ಮೇಲೆ ಒಂದು ಚಪ್ಪರವನ್ನೂ, ರಾಶಿಯ ಮೇಲೆ ತೆಳುವಾಗಿ ಮಣ್ಣನ್ನೂ ಹಾಕಿದರೆ ಬಿಸಿಲು ಮಳೆಗಳ ಕಾಟ ತಪ್ಪುತ್ತದೆ. ತೆಂಗಿನ ಸುಳಿಯನ್ನು ಕೊರೆಯುವ ದುಂಬಿಯ ಮರಿಹುಳುಗಳು ಗೊಬ್ಬರದಲ್ಲಿ ಬೆಳೆಯುವುದರಿಂದ, ರಾಶಿಯನ್ನು ತಿರುವುವಾಗ ಅವುಗಳನ್ನು ಆರಿಸಿ ತೆಗೆಯಬೇಕು. ಸಗಣಿಯನ್ನು ಬೆರಣಿಯಾಗಿ ಸುಟ್ಟರೆ ಅದರ ಸಾರಜನಕವೂ ಇಂಗಾಲವೂ ಹೊಗೆಯಾಗಿ ಹೋಗಿ ಬೂದಿ ಮಾತ್ರ ಉಳಿಯುತ್ತದೆ. ಗೋಬರ್ ಗ್ಯಾಸ್ ಸ್ಥಾವರದಲ್ಲಾದರೆ ಒಲೆಗೆ ಅನಿಲವೂ ತೋಟಕ್ಕೆ ಬಗ್ಗಡವೂ ಎರಡೂ ಸಿಕ್ಕುತ್ತವೆ.

ಇಂದೂರು ಮತ್ತು ಬೆಂಗಳೂರು

ಗೊಬ್ಬರವನ್ನು ಕಳಿಸುವ ಕೆಲಸವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದ ಕೀರ್ತಿ ನಮ್ಮ ದೇಶಕ್ಕೆ ಸೇರಿದುದು. 1924ರಿಂದ 1931ರವರೆಗೆ ಇಂದೂರಿನಲ್ಲಿದ್ದ ಆಲ್ಬರ್ಟ್ ಹೋವರ್ಡ್, ಯಶವಂತ ವಾಡ್ ಅವರೊಡನೆ ಸೇರಿ, ಹೊಲದ ಕಸಕಡ್ಡಿಯನ್ನು ಸಗಣಿ, ಗಂಜಲ ಹೀರಿದ ಮಣ್ಣು, ಬೂದಿಗಳೊಡನೆ ಪದರ ಪದರವಾಗಿ ಒಟ್ಟಿ, ಆಗಾಗ ತಿರುವಿಹಾಕಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಇದೇ ಇಂದೂರು ಕ್ರಮ. 1939ರಲ್ಲಿ ಸಿ. ಎನ್. ಆಚಾರ್ಯರು ಬೆಂಗಳೂರಿನಲ್ಲಿ ಬೇರೊಂದು ದಾರಿಯನ್ನು ತೋರಿಸಿದರು. ಪಟ್ಟಣದ ಕಸವನ್ನೂ ಮಲವನ್ನೂ ಸುಮಾರು ಒಂದು ಮೀಟರ್ ಆಳದ ಕಂದಕಗಳಲ್ಲಿ ಪದರವಾಗಿ ತುಂಬಿ, ಮೇಲೆ ಮುಚ್ಚಿ, ತಿರುವದೆ ಆರರಿಂದ ಎಂಟು ತಿಂಗಳು ಬಿಡುವುದು ಈ ಬೆಂಗಳೂರು ಕ್ರಮ. ಇಂದೂರು ಕ್ರಮದಲ್ಲಿ ಗೊಬ್ಬರ ಬೇಗ ಸಿದ್ಧವಾಗುತ್ತದೆ, ಆದರೆ ಕೂಲಿ ಹೆಚ್ಚು. ಬೆಂಗಳೂರು ಕ್ರಮದಲ್ಲಿ ಕಾಲ ಹೆಚ್ಚು, ಶ್ರಮವೂ ಸಾರಜನಕದ ನಷ್ಟವೂ ಕಡಿಮೆ. ಮನೆಯ ತರಕಾರಿ ತೋಟಕ್ಕೆ ಮನುಷ್ಯಮಲ ತಕ್ಕುದಲ್ಲ. ಅಡಿಗೆಮನೆಯ ಕಸ, ತರಗೆಲೆ, ಸಗಣಿಗಳನ್ನೇ ಈ ಎರಡರಲ್ಲಿ ಅನುಕೂಲವಾದ ಕ್ರಮದಿಂದ ಕಳಿಸಬಹುದು.

ಮಡಿಯಲ್ಲಿ ಬಳಕೆ

ಕಳಿತ ಗೊಬ್ಬರವನ್ನು ಬಿತ್ತನೆಗೋ ನಾಟಿಗೋ ಎರಡು ಮೂರು ವಾರ ಮೊದಲು ಮಡಿಯ ಮೇಲೆ ಹರಡಿ, ಒಣಗಲು ಬಿಡದೆ, ಗೇಣುದ್ದದೊಳಗಣ ಮೇಲ್ಮಣ್ಣಿನಲ್ಲಿ ಬೆರೆಸಬೇಕು. ಬಹಳ ಆಳಕ್ಕೆ ಹೂತರೆ ಅಲ್ಲಿ ಗಾಳಿ ಸಾಲದು. ಬದನೆ, ಟೊಮೇಟೊ, ಕುಂಬಳಗಳು ಹೆಚ್ಚು ಗೊಬ್ಬರವನ್ನು ಬಯಸುತ್ತವೆ. ಅವರೆ, ಅಲಸಂದೆ, ಹುರುಳಿಕಾಯಿಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನೇ ಹಿಡಿದುಕೊಡುವುದರಿಂದ ಅವಕ್ಕೆ ಸ್ವಲ್ಪ ಸಾಕು. ಮೂಲಂಗಿ ಗಜ್ಜರಿಗಳಿಗೆ ಸಾರಜನಕ ಅತಿಯಾದರೆ ಸೊಪ್ಪು ಬೆಳೆದು ಗಡ್ಡೆ ಸಣ್ಣದಾಗುತ್ತದೆ. ಕುರಿ, ಕೋಳಿಗಳ ಗೊಬ್ಬರ ದನದ ಗೊಬ್ಬರಕ್ಕಿಂತ ಬಹಳ ತೀಕ್ಷ್ಣವಾದುದು. ಅವನ್ನು ಕಡಿಮೆ ಪ್ರಮಾಣದಲ್ಲಿ, ಕಳಿಸಿದ ಮೇಲೆಯೇ ಹಾಕಬೇಕು. ಗೊಬ್ಬರ ಎಷ್ಟಾದರೂ ಒಳ್ಳೆಯದೆಂಬ ಭಾವನೆಯೂ ತಪ್ಪು. ಅತಿಯಾದ ಗೊಬ್ಬರದಿಂದ ಮಣ್ಣಿನಲ್ಲಿ ರಂಜಕವೂ ಲವಣಗಳೂ ಸಂಚಯವಾಗುತ್ತವೆ. ಗಿಡಕ್ಕೆ ಮಿಕ್ಕ ನೈಟ್ರೇಟು ಬಾವಿಯ ನೀರನ್ನು ಸೇರುತ್ತದೆ. ಬೆಳೆಗೆ ಇನ್ನೂ ಕೊರತೆ ಕಂಡರೆ ಕೊಟ್ಟಿಗೆ ಗೊಬ್ಬರದ ಜೊತೆಗೆ ಸ್ವಲ್ಪ ರಾಸಾಯನಿಕ ಗೊಬ್ಬರವನ್ನು ಕೊಡುವುದರಲ್ಲಿ ದೋಷವೇನೂ ಇಲ್ಲ. ಗೊಬ್ಬರ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯುವುದನ್ನೂ, ಧನುರ್ವಾಯುವಿನ ಬೀಜಾಣುಗಳು ಮಣ್ಣು ಸಗಣಿಗಳಲ್ಲಿ ಇರುವುದರಿಂದ ಗಾಯಗೊಂಡ ಕಾಲಿನಲ್ಲಿ ತಿಪ್ಪೆ ತುಳಿಯಬಾರದೆಂಬುದನ್ನೂ ಮರೆಯಬಾರದು.

ಎರಡು ಪ್ರಯೋಗಗಳು

ಇಲ್ಲಿ ಹೇಳಿದುದನ್ನು ವಿದ್ಯಾರ್ಥಿಗಳು ಸ್ವತಃ ಪರೀಕ್ಷಿಸಿ ನೋಡಬಹುದು. ಬಹುಕಾಲ ಗೊಬ್ಬರ ಪಡೆದ ಮಡಿಯಿಂದ ಒಂದು ಹೆಂಟೆಯನ್ನೂ, ಗೊಬ್ಬರ ಕಾಣದ ಪಕ್ಕದ ನೆಲದಿಂದ ಅದೇ ಗಾತ್ರದ ಇನ್ನೊಂದು ಹೆಂಟೆಯನ್ನೂ ತಂದು, ನೆರಳಿನಲ್ಲಿ ಒಣಗಿಸಿ, ನೀರು ತುಂಬಿದ ಎರಡು ಗಾಜಿನ ಲೋಟಗಳಲ್ಲಿ ಮೆಲ್ಲನೆ ಇಳಿಬಿಡಬೇಕು. ಎರಡನೆಯದು ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಕರಗಿ ಕೆಸರಾಗುತ್ತದೆ. ಮೊದಲನೆಯದು ಬಹಳ ಹೊತ್ತು ತಾಳುತ್ತದೆ. ಮಳೆಯ ಹೊಡೆತಕ್ಕೆ ಯಾವ ಮಡಿ ತಾಳೀತೆಂಬುದು ಇದರಿಂದ ತಿಳಿಯುತ್ತದೆ.

ಎರಡನೆಯ ಪ್ರಯೋಗಕ್ಕೆ ನಾಲ್ಕು ಕುಂಡಗಳು ಬೇಕು. ಒಂದರಲ್ಲಿ ಬರಿಯ ಮಣ್ಣು, ಎರಡನೆಯದರಲ್ಲಿ ಮಣ್ಣು ಮತ್ತು ಕಳಿತ ಗೊಬ್ಬರ, ಮೂರನೆಯದರಲ್ಲಿ ಮಣ್ಣು ಮತ್ತು ಸಣ್ಣಗೆ ಕತ್ತರಿಸಿದ ಒಣಹುಲ್ಲು, ನಾಲ್ಕನೆಯದರಲ್ಲಿ ಮಣ್ಣು, ಒಣಹುಲ್ಲು ಮತ್ತು ಒಂದು ಚಿಟಿಕೆ ಯೂರಿಯ. ನಾಲ್ಕರಲ್ಲಿಯೂ ದಂಟಿನ ಬೀಜವನ್ನು ಬಿತ್ತಿ, ಒಂದೇ ಅಳತೆಯ ನೀರು ಹಾಕಿ, ವಾರಕ್ಕೊಮ್ಮೆ ಗಿಡಗಳ ಎತ್ತರವನ್ನೂ ಎಲೆಗಳ ಬಣ್ಣವನ್ನೂ ಬರೆದಿಡಬೇಕು. ಮೂರನೆಯ ಕುಂಡದ ಗಿಡ ಮೊದಲನೆಯದಕ್ಕಿಂತಲೂ ಸೊರಗಿದರೆ, ಮೇಲೆ ಹೇಳಿದ ಇಂಗಾಲ ಸಾರಜನಕಗಳ ಲೆಕ್ಕವನ್ನು ನೆನೆಯಬೇಕು.

ಶಾಲೆಯ ಆವರಣದಲ್ಲಿ ಬೀಳುವ ಎಲೆಗಳನ್ನು ಗುಡಿಸಿ ಬೆಂಕಿಯಿಡುವ ರೂಢಿ ಹಲವು ಕಡೆ ಇದೆ. ಅದರ ಬದಲು ಮೂಲೆಯಲ್ಲಿ ಒಂದು ಗುಂಡಿಯನ್ನು ತೋಡಿ, ಮೇಲೊಂದು ಚಪ್ಪರ ಹಾಕಿ, ಈ ವರ್ಷದ ಎಲೆಯನ್ನು ನೆರೆಮನೆಯ ದನದ ಸಗಣಿಯೊಡನೆ ಕಳಿಸಿದರೆ ಬರುವ ವರ್ಷ ಒಂದು ಮಡಿಗೆ ಸಾಕಾಗುವಷ್ಟು ಗೊಬ್ಬರ ದೊರೆಯುವುದರಲ್ಲಿ ಸಂದೇಹವಿಲ್ಲ. ಗುಂಡಿ ತೋಡಿದ ವಿದ್ಯಾರ್ಥಿಗಳು ಆ ವೇಳೆಗೆ ಶಾಲೆಯನ್ನು ಬಿಟ್ಟುಹೋಗಿರಬಹುದು. ಆದರೂ ಹೂಸ್‌ಫೀಲ್ಡಿನ ಮಣ್ಣಿನಂತೆ ಆ ಮಡಿಯೂ ಅವರ ದುಡಿಮೆಯನ್ನು ತನ್ನಲ್ಲಿ ಇಟ್ಟುಕೊಂಡು, ಹಿಂದೆ ಬರುವವರಿಗೆ ಸೊಪ್ಪು ತರಕಾರಿಗಳ ರೂಪದಲ್ಲಿ ಹಂಚುತ್ತಿರುತ್ತದೆ.